ಮಗುವಿಗೆ ಜ್ವರವೇ ಇಲ್ಲ, ಆದ್ರೂ ರಕ್ತದಲ್ಲಿ ನಂಜು ಅಂತಾರೆ. ಹೇಗೆ?

ಹೆತ್ತೂರು ಹುಡುಗ (ಸಕಲೇಶಪುರ)
ಎಲ್ಲರಿಗೂ ನಮಸ್ಕಾರ. ನಮ್ಮಕ್ಕನಿಗೆ ಹೋದ ವಾರ ಹೆರಿಗೆ ಆಯ್ತು. ದಿನ ತುಂಬೋಕೆ ಮುಂಚೆಯೇ, 34 ವಾರಕ್ಕೆ. ಹೆಣ್ಣು ಮಗು. ಮೊದಲು ಹಾಲು ಚೆನ್ನಾಗಿಯೇ ಕುಡಿಯುತ್ತಿತ್ತು. ಆಮೇಲೆ ಎಷ್ಟು ಎಬ್ಬಿಸಿದರೂ ಮೊಲೆಗೆ ಬಾಯಿ ಹಾಕಲಿಲ್ಲ. ಕೈಕಾಲು ತಣ್ಣಗಾಗಿತ್ತು. ಈಗ ಹಾಸನದಲ್ಲಿ ನವಜಾತ ಶಿಶು ಘಟಕದಲ್ಲಿದೆ. ಸಿಆರ್‌ಪಿ ಅನ್ನೋ ರಕ್ತಪರೀಕ್ಷೆಯಲ್ಲಿ ಜಾಸ್ತಿ ಬಂದಿದೆ, ರಕ್ತದಲ್ಲಿ ನಂಜು ಇರಬಹುದು ಅಂತ ಇಂಜೆಕ್ಷನ್ ಶುರು ಮಾಡಿದ್ದಾರೆ.

ನನಗೆ ಅರ್ಥ ಆಗದೇ ಇರೋದು ಇಷ್ಟು. ಇನ್ಫೆಕ್ಷನ್ ಆದರೆ ಜ್ವರ ಬರಬೇಕು ಅಲ್ವಾ? ಮಗುವಿಗೆ ಜ್ವರವೇ ಇರಲಿಲ್ಲ. ಊರಲ್ಲಿ ಎಲ್ಲರೂ "ಹುಟ್ಟಿದ ಮಗುವಿಗೆ ರೋಗನಿರೋಧಕ ಶಕ್ತಿ ಅನ್ನೋದೇ ಇರಲ್ಲ" ಅಂತಾರೆ. ಹಾಗಾದ್ರೆ ಒಳಗೆ ಹೋರಾಡ್ತಾ ಇರೋದು ಯಾವುದು? ಬರೀ ಔಷಧಿಯೇನಾ? ಡಾಕ್ಟರು ಹೇಳಿದರು, ಆದರೆ ಆ ಹೊತ್ತಿನಲ್ಲಿ ತಲೆಗೆ ಏನೂ ಹೋಗಲಿಲ್ಲ. ತಿಳಿದವರು ಹೇಳಿ.

ಯಗಚಿ ನೀರು (ಬೇಲೂರು)
ಮೊದಲು ಮಗು ಹುಷಾರಾಗಲಿ. ಸಮಯಕ್ಕೆ ಕರ್ಕೊಂಡು ಹೋಗಿದ್ದೀರಲ್ಲ, ಅದೇ ದೊಡ್ಡದು.

ಅರಸೀಕೆರೆ ತೆಂಗು
ಜ್ವರ ಇಲ್ಲದೆ ಇನ್ಫೆಕ್ಷನ್ ಅಂದ್ರೆ ನನಗೂ ನಂಬಿಕೆ ಬರಲ್ಲ. ಈಗ ಎಲ್ಲಾ ಮಕ್ಕಳಿಗೂ ಸಿಆರ್‌ಪಿ ಜಾಸ್ತಿ ಅಂತ ಹೇಳಿ ಆಂಟಿಬಯೋಟಿಕ್ ಹಾಕಿಬಿಡ್ತಾರೆ. ನಮ್ಮ ಸಂಬಂಧಿಕರ ಮಗುವಿಗೂ ಒಂದು ನರ್ಸಿಂಗ್ ಹೋಮಿನಲ್ಲಿ ಹಾಗೇ ಮಾಡಿದರು. ಆಮೇಲೆ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡೋ ಪರೀಕ್ಷೆ) ರಿಪೋರ್ಟಿನಲ್ಲಿ ಏನೂ ಬರಲಿಲ್ಲ.

ಆಶಾ ಅಕ್ಕ (ಆಲೂರು)
ತೆಂಗು ಅಣ್ಣ, ದಯವಿಟ್ಟು ಹಾಗೆ ಬರೆಯಬೇಡಿ. ಓದಿದವರು ಜ್ವರ ಬರಲಿ ಅಂತ ಕಾಯ್ತಾ ಕೂರ್ತಾರೆ. ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದೇ ಇದು: ಎರಡು ತಿಂಗಳ ಒಳಗಿನ ಮಗುವಿನ ಮೈ 37.5 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ಅಪಾಯ, 35.5ಕ್ಕಿಂತ ಕೆಳಗೆ ಇಳಿದರೂ ಅಷ್ಟೇ ಅಪಾಯ. ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ನಿಮಿಷಕ್ಕೆ 60 ಸಲಕ್ಕಿಂತ ಜಾಸ್ತಿ ಉಸಿರು ಎಳೆದರೆ, ಪಕ್ಕೆ ಒಳಗೆ ಸೆಳೆದರೆ, ಫಿಟ್ಸ್ ಬಂದರೆ ಹೊತ್ತು ನೋಡದೆ ಹೊರಡಬೇಕು. ನಾನು ಮನೆ ಭೇಟಿಗೆ ಹೋದಾಗ ಮೊದಲು ಕೇಳೋದೇ "ಹಾಲು ಕುಡೀತಾ?" ಅಂತ.

ಗಿರಿಶ್ರೇಣಿ (ಚಿಕ್ಕಮಗಳೂರು)
ನಾನು ಇಮ್ಯುನಾಲಜಿ ಓದುತ್ತಿದ್ದೇನೆ, ಇದೇ ನನ್ನ ವಿಷಯ. ಸ್ವಲ್ಪ ಉದ್ದ ಬರೀತೀನಿ.

ಮೊದಲು ಜ್ವರದ ಮಾತು. ರೋಗಾಣು ಒಳಗೆ ಬಂದಾಗ ಬಿಳಿ ರಕ್ತಕಣಗಳು ಟಿಎನ್‌ಎಫ್, ಐಎಲ್-1, ಐಎಲ್-6 ಅನ್ನೋ ಸಂದೇಶದ ಪ್ರೋಟೀನುಗಳನ್ನು ಬಿಡುತ್ತವೆ. ಇವು ಮೆದುಳಿಗೆ ಹೇಳಿ ಮೈಯ ಕಾವನ್ನು ಏರಿಸುತ್ತವೆ. ದೊಡ್ಡವರಾದರೆ ನಡುಕ ಬರುತ್ತೆ, ಕಾವು ಏರುತ್ತೆ. ಹುಟ್ಟಿದ ಮಗು ಹಾಗೆ ನಡುಗಲ್ಲ. ಅದಕ್ಕೆ ಕಂದು ಕೊಬ್ಬು ಅಂತ ಬೇರೆ ಒಂದು ಕೊಬ್ಬು ಇರುತ್ತೆ. ಅದನ್ನು ಉರಿಸಿ ಬಿಸಿ ಮಾಡಿಕೊಳ್ಳಬೇಕು. ದಿನ ತುಂಬದ ಮಗುವಿನಲ್ಲಿ ಈ ಕೊಬ್ಬು ಕಮ್ಮಿ, ಚರ್ಮ ತೆಳು, ಬಿಸಿ ಬೇಗ ಸೋರಿಹೋಗುತ್ತೆ. ಅದಕ್ಕೇ ನಂಜು ಏರಿದಾಗ ಮೈ ಬಿಸಿಯಾಗೋ ಬದಲು ತಣ್ಣಗಾಗಬಹುದು.

ಇನ್ನೊಂದು ಕಾರಣ ಕಣಗಳಲ್ಲೇ ಇದೆ. ಹೊಕ್ಕುಳ ಬಳ್ಳಿಯ ರಕ್ತದಿಂದ ಮೋನೋಸೈಟು ಅನ್ನೋ ಬಿಳಿ ಕಣಗಳನ್ನು ತೆಗೆದು ಬ್ಯಾಕ್ಟೀರಿಯಾದ ತುಣುಕು ತೋರಿಸಿದರೆ, ಅವು ದೊಡ್ಡವರ ಕಣಗಳಿಗಿಂತ ಟಿಎನ್‌ಎಫ್ ಕಮ್ಮಿ ಬಿಡುತ್ತವೆ. ಐಎಲ್-12 ಕೂಡ ಕಮ್ಮಿ. ಆದರೆ ಐಎಲ್-6 ಕಮ್ಮಿ ಆಗಲ್ಲ, ಎಷ್ಟೋ ಸಲ ಜಾಸ್ತಿಯೇ ಇರುತ್ತೆ. ರೋಗಾಣುವನ್ನು ಗುರುತಿಸೋ ಟಿಎಲ್‌ಆರ್ ಅನ್ನೋ ಗ್ರಾಹಕಗಳು ಕಣದ ಮೇಲೆ ಇದ್ದೇ ಇರುತ್ತವೆ. ಅಂದ್ರೆ ಮಗುವಿನ ಕಣಕ್ಕೆ ರೋಗಾಣು ಕಾಣಿಸ್ತಿದೆ. ಉತ್ತರ ಕೊಡೋ ರೀತಿ ಮಾತ್ರ ಬೇರೆ. ಆ ಉತ್ತರವನ್ನು ತಡೆದು ಹಿಡಿಯೋ ಒಂದು ವಸ್ತು ಅಡೆನೋಸಿನ್. ಹುಟ್ಟಿದ ಹೊತ್ತಿನಲ್ಲಿ ಮಗುವಿನ ರಕ್ತದಲ್ಲಿ ಅದು ಜಾಸ್ತಿ ಇರುತ್ತೆ. ಟಿಎನ್‌ಎಫ್ ತಗ್ಗಿಸುತ್ತೆ, ಐಎಲ್-6 ಅನ್ನು ಮುಟ್ಟಲ್ಲ.

ಆದ್ದರಿಂದ "ಶಕ್ತಿಯೇ ಇರಲ್ಲ" ಅನ್ನೋದು ತಪ್ಪು. ಅದು ಬೇರೆ ಕೆಲಸಕ್ಕೆ ಸಜ್ಜಾದ ವ್ಯವಸ್ಥೆ.

ಅರಸೀಕೆರೆ ತೆಂಗು
ಬೇರೆ ಕೆಲಸ ಅಂದ್ರೆ ಯಾವ ಕೆಲಸ? ರೋಗಾಣು ಬಂದಾಗ ಸುಮ್ನೆ ಕೂರೋದಾ?

ಗಿರಿಶ್ರೇಣಿ (ಚಿಕ್ಕಮಗಳೂರು)
ಹೊಟ್ಟೆಯೊಳಗಿದ್ದಾಗ ಮಗು ಅಮ್ಮನ ಕಣಗಳ ಮೇಲೆ ಬೀಳಬಾರದು, ಅಮ್ಮ ಮಗುವಿನ ಮೇಲೆ ಬೀಳಬಾರದು. ಮಗುವಿನಲ್ಲಿ ಅರ್ಧ ಅಪ್ಪನದು ತಾನೇ? ಅಲ್ಲಿ ತಾಳ್ಮೆ ಬೇಕೇ ಬೇಕು. ಹೊರಗೆ ಬಂದ ಕೂಡಲೇ ಚರ್ಮ, ಬಾಯಿ, ಕರುಳು ಎಲ್ಲಾ ಕಡೆ ಬ್ಯಾಕ್ಟೀರಿಯಾಗಳು ಬಂದು ನೆಲೆಸುತ್ತವೆ. ಇವುಗಳಲ್ಲಿ ಹೆಚ್ಚಿನವು ಬೇಕಾದವೇ. ಪ್ರತಿಯೊಂದಕ್ಕೂ ದೊಡ್ಡವರ ಥರ ಉರಿಯೂತ ಎಬ್ಬಿಸಿದರೆ ಕರುಳು, ಶ್ವಾಸಕೋಶ ಉಳಿಯಲ್ಲ.

2013ರಲ್ಲಿ ಇಲಿಮರಿಗಳ ಮೇಲೆ ಒಂದು ಕೆಲಸ ಪ್ರಕಟವಾಯಿತು. ಹುಟ್ಟಿದ ಮರಿಗಳಲ್ಲಿ ಸಿಡಿ71 ಗುರುತಿನ ಎಳೆಯ ಕೆಂಪು ರಕ್ತಕಣಗಳು ತುಂಬಾ ಇರುತ್ತವೆ. ಇವು ಬಿಳಿ ಕಣಗಳ ಆರ್ಭಟವನ್ನು ಅದುಮಿ ಇಡುತ್ತವೆ. ಅವುಗಳನ್ನು ಕಮ್ಮಿ ಮಾಡಿದಾಗ ಮರಿಗಳು ರೋಗಾಣುವನ್ನು ಚೆನ್ನಾಗಿ ಎದುರಿಸಿದವು. ಆದರೆ ಕರುಳಿನಲ್ಲಿ ಬರೀ ಸಾಮಾನ್ಯ ಬ್ಯಾಕ್ಟೀರಿಯಾಗಳಿಗೇ ಉರಿಯೂತ ಶುರುವಾಯಿತು. ಒಂದನ್ನು ಪಡೆಯೋಕೆ ಇನ್ನೊಂದನ್ನು ಬಿಡಬೇಕು. ದೇಹ ಈ ಚೌಕಾಸಿಯನ್ನು ಮಾಡಿಕೊಂಡೇ ಹುಟ್ಟುತ್ತೆ. ಬೆಲೆ ತೆರೋದು ನಂಜಿನ ಅಪಾಯದಲ್ಲಿ.

ಲ್ಯಾಬ್ ಮೇಷ್ಟ್ರು (ಹಾಸನ)
ಗಿರಿಶ್ರೇಣಿ ಚೆನ್ನಾಗಿ ಹೇಳಿದ್ದಾರೆ. ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣಗಳ ಬಗ್ಗೆ ನಾನು ಸೇರಿಸ್ತೀನಿ. ಬ್ಯಾಕ್ಟೀರಿಯಾ ಬಂದಾಗ ಮೊದಲು ಓಡಿ ಬರೋದು ಇವೇ. ದೊಡ್ಡವರಲ್ಲಿ ಮೂಳೆ ಮಜ್ಜೆಯಲ್ಲಿ ಇವುಗಳ ದೊಡ್ಡ ದಾಸ್ತಾನು ಇರುತ್ತೆ. ಹುಟ್ಟಿದ ಮಗುವಿನಲ್ಲಿ ದಾಸ್ತಾನು ಚಿಕ್ಕದು, ಅದರಲ್ಲೂ ದಿನ ತುಂಬದ ಮಗುವಿನಲ್ಲಿ ಇನ್ನೂ ಚಿಕ್ಕದು. ನಂಜು ಜೋರಾದರೆ ಬೇಗ ಖಾಲಿ. ಎರಡನೆಯದು, ಇವು ರಕ್ತನಾಳದ ಗೋಡೆಗೆ ಸರಿಯಾಗಿ ಅಂಟಿಕೊಳ್ಳಲ್ಲ, ಹೊರಗೆ ದಾಟಿ ಜಾಗ ತಲುಪೋದು ನಿಧಾನ. ಮೂರನೆಯದು, ದೊಡ್ಡವರ ನ್ಯೂಟ್ರೋಫಿಲ್ ತನ್ನ ಡಿಎನ್‌ಎಯನ್ನೇ ಬಲೆ ಥರ ಹೊರಗೆ ಎಸೆದು ಬ್ಯಾಕ್ಟೀರಿಯಾ ಹಿಡಿಯುತ್ತೆ. ಹುಟ್ಟಿದ ಮಗುವಿನ ಕಣ ಈ ಬಲೆ ಬೀಸೋದರಲ್ಲಿ ತುಂಬಾ ಹಿಂದೆ. ಇದು 2009ರಲ್ಲಿ ಗೊತ್ತಾಯಿತು. ಬಲೆಯನ್ನು ತಡೆಯೋ ಒಂದು ಸಣ್ಣ ಪ್ರೋಟೀನ್ ಹೊಕ್ಕುಳ ಬಳ್ಳಿಯ ರಕ್ತದಲ್ಲೇ ಇದೆ ಅಂತ 2016ರಲ್ಲಿ ಕಂಡುಕೊಂಡರು. ಇಲ್ಲೂ ಕೊರತೆಗಿಂತ ಕಡಿವಾಣವೇ ಕಾಣುತ್ತೆ.

ಕಳಸದ ಕೂಸು
ಮೇಷ್ಟ್ರೇ, ಒಂದು ಪ್ರಶ್ನೆ. ನನ್ನ ಮಗ ಹುಟ್ಟಿದ ದಿನವೇ ರಕ್ತ ನೋಡಿದ್ದರು. ಬಿಳಿ ಕಣ 22,000 ಅಂತ ಇತ್ತು, ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ "ಜಾಸ್ತಿ" ಅಂತ ಬಂದಿತ್ತು. ನಮ್ಮ ಮನೆಯವರು ಅತ್ತೇಬಿಟ್ಟರು. ಡಾಕ್ಟರು ಮಾತ್ರ ಏನೂ ಇಲ್ಲ ಹೋಗಿ ಅಂದರು. ಯಾಕೆ?

ಲ್ಯಾಬ್ ಮೇಷ್ಟ್ರು (ಹಾಸನ)
ಆ ಮೆಷಿನ್ ದೊಡ್ಡವರ ಮಿತಿಯನ್ನು ನೋಡಿ ಕೆಂಪು ಮಾಡಿರುತ್ತೆ. ದೊಡ್ಡವರಿಗೆ 11,000 ದಾಟಿದರೆ ಜಾಸ್ತಿ. ಮೊದಲ ದಿನದ ಮಗುವಿಗೆ 9,000ದಿಂದ 30,000ದವರೆಗೂ ಇರಬಹುದು. ಹೆರಿಗೆಯ ಒತ್ತಡಕ್ಕೇ ಏರುತ್ತೆ. ನಿಜ ಹೇಳಬೇಕು ಅಂದ್ರೆ ಹುಟ್ಟಿದ ಮಗುವಿನಲ್ಲಿ ನಮಗೆ ಜಾಸ್ತಿ ಭಯ ಆಗೋದು ಎಣಿಕೆ 5,000ಕ್ಕಿಂತ ಕೆಳಗೆ ಬಿದ್ದಾಗ. ದಾಸ್ತಾನು ಮುಗೀತಾ ಇದೆ ಅನ್ನೋ ಸೂಚನೆ ಅದು. ಸ್ಲೈಡಿನಲ್ಲಿ ಬಲಿಯದ ನ್ಯೂಟ್ರೋಫಿಲ್‌ಗಳು ಒಟ್ಟು ನ್ಯೂಟ್ರೋಫಿಲ್‌ಗಳ ಐದನೇ ಒಂದು ಭಾಗ ದಾಟಿದರೂ ಅನುಮಾನ ಬರುತ್ತೆ.

ತೆಂಗು ಅವರೇ, ಸಿಆರ್‌ಪಿ ಬಗ್ಗೆ ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಸಿಆರ್‌ಪಿ ಅನ್ನೋದು ಉರಿಯೂತ ಆದಾಗ ರಕ್ತದಲ್ಲಿ ಏರೋ ಪ್ರೋಟೀನ್. ಅದನ್ನು ಮಾಡೋದು ಲಿವರ್, ಐಎಲ್-6 ಹೇಳಿದ ಮೇಲೆ. ಸೋಂಕು ಶುರುವಾಗಿ ಸುಮಾರು 10-12 ಗಂಟೆ ಆದಮೇಲೆ ಅದು ಏರೋದು. ಹೆರಿಗೆ ತುಂಬಾ ಹೊತ್ತು ಎಳೆದರೂ ಏರುತ್ತೆ, ಮಗು ಹೊಟ್ಟೆಯೊಳಗೇ ಕಕ್ಕ ಮಾಡಿ ಅದನ್ನು ಶ್ವಾಸಕ್ಕೆ ಎಳೆದುಕೊಂಡರೂ ಏರುತ್ತೆ. ಹಾಗಾಗಿ ಒಂದೇ ಒಂದು ರಿಪೋರ್ಟ್ ಹಿಡಿದು ಯಾವ ತೀರ್ಮಾನಕ್ಕೂ ಬರಬಾರದು. ಒಂದು ದಿನ ಬಿಟ್ಟು ಮತ್ತೆ ನೋಡ್ತಾರೆ. ಎರಡೂ ಸಲ ಕಮ್ಮಿ ಇದ್ದರೆ ಸೋಂಕು ಇಲ್ಲ ಅನ್ನೋ ಭರವಸೆ ಬರುತ್ತೆ.

ಅರಸೀಕೆರೆ ತೆಂಗು
ಅದೇ ನಾನು ಹೇಳಿದ್ದು! ಹಾಗಾದ್ರೆ ಕಲ್ಚರ್ ಬರೋವರೆಗೂ ಕಾಯಬಹುದಲ್ಲ?

ಲ್ಯಾಬ್ ಮೇಷ್ಟ್ರು (ಹಾಸನ)
ಕಾಯೋಕಾಗಲ್ಲ. ಕಲ್ಚರಿನಲ್ಲಿ ಬೆಳೆದಿದೆಯಾ ಇಲ್ವಾ ಅಂತ ಹೇಳೋಕೆ 36ರಿಂದ 48 ಗಂಟೆ ಬೇಕು. ಅಷ್ಟರಲ್ಲಿ ಮಗು ಕೈ ಬಿಟ್ಟುಹೋಗಬಹುದು. ರಕ್ತ ತೆಗೆದುಕೊಂಡ ಕೂಡಲೇ ಔಷಧಿ ಶುರು ಮಾಡಿ, ಕಲ್ಚರಿನಲ್ಲಿ ಏನೂ ಇಲ್ಲ, ಮಗುವೂ ಚುರುಕಾಗಿದೆ ಅಂದ್ರೆ ನಿಲ್ಲಿಸೋದು ಸರಿಯಾದ ಕ್ರಮ. ಜಗಳ ಆಡಬೇಕಾದ್ದು ಶುರು ಮಾಡಿದ್ದಕ್ಕಲ್ಲ, ನಿಲ್ಲಿಸದೆ ಎಳೆಯೋದಕ್ಕೆ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನ 2016ರಲ್ಲಿ ಬಂತು. ಮಕ್ಕಳ ರಕ್ತದಲ್ಲಿ ಮುಖ್ಯವಾಗಿ ಸಿಕ್ಕಿದ್ದು ಅಸಿನೆಟೋಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಇ. ಕೋಲೈ. ಇವುಗಳಲ್ಲಿ ಹೆಚ್ಚಿನವು ಹಲವು ಔಷಧಿಗಳಿಗೆ ಬಗ್ಗದ ಜಾತಿ. ಕೈ ತೊಳೆಯದೆ ಮಗು ಮುಟ್ಟೋದು, ಬೇಡದ ಆಂಟಿಬಯೋಟಿಕ್ ಮುಂದುವರಿಸೋದು, ಎರಡೂ ಸೇರಿ ಈ ಸ್ಥಿತಿ ತಂದಿವೆ.

ಮೂಡಿಗೆರೆ ಮಳೆ
ಕೈ ತೊಳೆಯೋ ಮಾತು ಬಂತಲ್ಲ, ಹೇಳಿಬಿಡ್ತೀನಿ. ನಮ್ಮ ಕಡೆ ಈಗಲೂ ಮಗುವಿಗೆ ನೀರು ಹಾಕುವಾಗ ಎದೆ ಹಿಂಡ್ತಾರೆ. "ಹಾಲು ನಿಂತಿದೆ, ತೆಗೀಬೇಕು" ಅಂತ. ಅಮ್ಮನ ಹಾರ್ಮೋನಿನಿಂದ ಹುಟ್ಟಿದ ಮಗುವಿನ ಎದೆ ಸ್ವಲ್ಪ ಊದಿರೋದು ಸಹಜ, ತಾನಾಗೇ ಇಳಿಯುತ್ತೆ. ಹಿಂಡಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಳಗೆ ಹೋಗಿ ಕೀವು ಆಗುತ್ತೆ. ನಮ್ಮ ಓಣಿಯಲ್ಲೇ ಒಂದು ಮಗುವಿಗೆ ಹಾಗಾಗಿ ಕೊಯ್ದು ಕೀವು ತೆಗೆಸಬೇಕಾಯಿತು. ಹೊಕ್ಕುಳಿಗೆ ಹರಳೆಣ್ಣೆ, ಅರಿಶಿನ, ಬೂದಿ ಹಚ್ಚೋದೂ ಅಷ್ಟೇ. ಒಣಗಲು ಬಿಟ್ಟರೆ ಸಾಕು.

ಯಗಚಿ ನೀರು (ಬೇಲೂರು)
ಎಲ್ಲಾ ಹಳೇ ಪದ್ಧತಿ ತಪ್ಪು ಅಂತ ಮಾಡಬೇಡಿ. ಹನ್ನೊಂದು ದಿನ ಯಾರೂ ಬಾಣಂತಿ ಕೋಣೆಗೆ ಹೋಗಬಾರದು ಅನ್ನೋದು ಎಷ್ಟು ಒಳ್ಳೆಯದಿತ್ತು! ಈಗ ಆಸ್ಪತ್ರೆಯಲ್ಲೇ ಇಡೀ ಊರು ಬಂದು ಮಗುವಿನ ಕೆನ್ನೆ ಮುಟ್ಟಿ ಮುತ್ತು ಕೊಟ್ಟು ಹೋಗ್ತಾರೆ.

ಮೂಡಿಗೆರೆ ಮಳೆ
ಜನ ಬರಬಾರದು ಅನ್ನೋದು ಒಪ್ತೀನಿ ಅಕ್ಕ. ಆದರೆ ಅದೇ ಕೋಣೆಯ ಕಿಟಕಿ ಮುಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ತುಂಬಿಸ್ತಾರಲ್ಲ? ಉಸಿರಿನ ನಾಳ ಎಷ್ಟು ಚಿಕ್ಕದು ಆ ಮಗುವಿಗೆ. ಹೊಗೆಯೂ ಉರಿಯೂತ ಎಬ್ಬಿಸುತ್ತೆ.

ಯಗಚಿ ನೀರು (ಬೇಲೂರು)
ಹೊಗೆ ಬೇಡ ಸರಿ. ಮಳೆಗಾಲದಲ್ಲಿ ಬೆಚ್ಚಗಿಡೋಕೆ ಮತ್ತೇನು ಮಾಡೋದು ಹೇಳಿ? ಮೂಡಿಗೆರೆಯಲ್ಲಿ ಬಟ್ಟೆ ಒಣಗೋದೇ ಇಲ್ಲ.

ಆಶಾ ಅಕ್ಕ (ಆಲೂರು)
ಕಾಂಗರೂ ಆರೈಕೆ ಮಾಡಿ. ಮಗುವಿಗೆ ಟೋಪಿ, ಸಾಕ್ಸ್, ನ್ಯಾಪಿ ಮಾತ್ರ ಹಾಕಿ ಅಮ್ಮನ ಎದೆಯ ಮಧ್ಯೆ ಚರ್ಮಕ್ಕೆ ಚರ್ಮ ತಾಗೋ ಹಾಗೆ ಕಟ್ಟಿಕೊಳ್ಳೋದು. ಅಪ್ಪ, ಅಜ್ಜಿ ಯಾರು ಬೇಕಾದರೂ ಮಾಡಬಹುದು. ಕರೆಂಟ್ ಬೇಡ, ಕೆಂಡ ಬೇಡ.

ಗಿರಿಶ್ರೇಣಿ (ಚಿಕ್ಕಮಗಳೂರು)
ಆಶಾ ಅಕ್ಕ ಹೇಳಿದ್ದಕ್ಕೆ ಗಟ್ಟಿ ಆಧಾರ ಇದೆ. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 1.8 ಕೆಜಿಗಿಂತ ಕಮ್ಮಿ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದಾಗ 28 ದಿನದೊಳಗಿನ ಸಾವು 15.7 ಶೇಕಡಾದಿಂದ 12ಕ್ಕೆ ಇಳಿಯಿತು. ನಂಜಿನ ಅನುಮಾನವೂ ಕಮ್ಮಿಯಾಯಿತು. ಅಮ್ಮನ ಮೈಯ ಬ್ಯಾಕ್ಟೀರಿಯಾ ಮೊದಲು ನೆಲೆಸಿದರೆ ಆಸ್ಪತ್ರೆಯ ಕೆಟ್ಟ ಬ್ಯಾಕ್ಟೀರಿಯಾಗಳಿಗೆ ಜಾಗ ಸಿಗಲ್ಲ ಅನ್ನೋದು ಒಂದು ವಿವರಣೆ.

ಹೆತ್ತೂರು ಹುಡುಗ (ಸಕಲೇಶಪುರ)
ಎಲ್ಲರಿಗೂ ಥ್ಯಾಂಕ್ಸ್. ಈಗ ಕೇಳಿದೆ, ಮೈ ಬಿಸಿ ಸರಿಯಾಗಿದೆಯಂತೆ. ಅಕ್ಕನ ಹಾಲನ್ನು ಹಿಂಡಿ ನಳಿಕೆಯಲ್ಲಿ ಸ್ವಲ್ಪ ಸ್ವಲ್ಪ ಕೊಡ್ತಿದ್ದಾರೆ. ಅಕ್ಕನ ಹಾಲೇ ಬೇಕು ಅಂತ ನರ್ಸ್ ಬಹಳ ಒತ್ತಿ ಹೇಳಿದರು. 34 ವಾರ ಅಂದ್ರೆ ಆರು ವಾರ ಮುಂಚೆ ಅಷ್ಟೇ ತಾನೇ? ಅದರಿಂದ ಇಷ್ಟು ವ್ಯತ್ಯಾಸ ಆಗುತ್ತಾ?

ಗಿರಿಶ್ರೇಣಿ (ಚಿಕ್ಕಮಗಳೂರು)
ಆಗುತ್ತೆ. ಅಮ್ಮನ ಐಜಿಜಿ ಪ್ರತಿಕಾಯಗಳು (ರೋಗಾಣುವನ್ನು ಹಿಡಿಯೋ ಪ್ರೋಟೀನುಗಳು) ಮಾಸುಚೀಲದ ಮೂಲಕ ಮಗುವಿಗೆ ಹೋಗುತ್ತವೆ. ಮಗಳನ್ನು ಕಳಿಸುವಾಗ ತವರಿನವರು ಬುತ್ತಿ ಕಟ್ಟಿಕೊಡೋ ಹಾಗೆ. ಅದರಲ್ಲಿ ಹೆಚ್ಚಿನ ಪಾಲು ಹೋಗೋದು ಕೊನೆಯ ವಾರಗಳಲ್ಲೇ. ದಿನ ತುಂಬಿದ ಮಗುವಿನ ಐಜಿಜಿ ಅಮ್ಮನಷ್ಟೇ ಇರುತ್ತೆ, ಕೆಲವೊಮ್ಮೆ ಸ್ವಲ್ಪ ಜಾಸ್ತಿಯೂ ಇರುತ್ತೆ. ಮುಂಚೆ ಹುಟ್ಟಿದರೆ ಅಷ್ಟು ಕಮ್ಮಿ. ಐಜಿಎಂ ಅನ್ನೋ ಇನ್ನೊಂದು ಬಗೆಯ ಪ್ರತಿಕಾಯ ಮಾತ್ರ ದಾಟಲ್ಲ. ರಕ್ತದಲ್ಲಿರೋ ಕಾಂಪ್ಲಿಮೆಂಟ್ ಪ್ರೋಟೀನುಗಳೂ ಮಗುವಿನಲ್ಲಿ ಕಮ್ಮಿ, ಹಾಗಾಗಿ ಬ್ಯಾಕ್ಟೀರಿಯಾಗೆ ಗುರುತು ಹಚ್ಚೋ ಕೆಲಸ ಹಿಂದೆ ಬೀಳುತ್ತೆ.

ಅಮ್ಮನ ಹಾಲಿನಲ್ಲಿ, ಮುಖ್ಯವಾಗಿ ಮೊದಲ ಹಳದಿ ಹಾಲಿನಲ್ಲಿ, ಐಜಿಎ ಅನ್ನೋ ಪ್ರತಿಕಾಯ ತುಂಬಾ ಇರುತ್ತೆ. ಲ್ಯಾಕ್ಟೋಫೆರಿನ್ ಅನ್ನೋ ಪ್ರೋಟೀನ್ ಇರುತ್ತೆ, ಜೀವಂತ ಬಿಳಿ ಕಣಗಳೂ ಇರುತ್ತವೆ. ಇವು ಬ್ಯಾಕ್ಟೀರಿಯಾವನ್ನು ಕರುಳಿನಲ್ಲೇ ತಡೀತವೆ, ಉರಿಯೂತ ಎಬ್ಬಿಸದೆ. ನರ್ಸ್ ಒತ್ತಿ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ದಿನ ತುಂಬದ ಮಗುವಿನ ಕಣಗಳು ಶುರುವಿನಲ್ಲಿ ನಿಧಾನ ಇದ್ದರೂ, ಒಮ್ಮೆ ಉರಿಯೂತ ಹತ್ತಿಕೊಂಡರೆ ಆರಿಸಿಕೊಳ್ಳೋದು ಅವಕ್ಕೆ ಕಷ್ಟ. ಕರುಳಿನ ಗೋಡೆಯಲ್ಲಿ ಟಿಎಲ್‌ಆರ್-4 ಅನ್ನೋ ಗ್ರಾಹಕ ಜಾಸ್ತಿ ಇರುತ್ತೆ. ಅದು ಕೆರಳಿದರೆ ಕರುಳಿನ ಪದರವೇ ಸಾಯೋ ಕಾಯಿಲೆ ಬರಬಹುದು, ಎನ್‌ಇಸಿ ಅಂತಾರೆ. ಪುಡಿ ಹಾಲು ಕುಡಿಯೋ ಮಕ್ಕಳಿಗಿಂತ ಅಮ್ಮನ ಹಾಲು ಕುಡಿಯೋ ಮಕ್ಕಳಲ್ಲಿ ಇದು ಕಮ್ಮಿ. ಶ್ವಾಸಕೋಶ, ಮೆದುಳಿಗೂ ಇದೇ ಥರ ಉಳಿದ ಉರಿಯೂತ ಹಾನಿ ಮಾಡುತ್ತೆ. ನನಗೆ ಈ ವಿಷಯದಲ್ಲಿ ಅತ್ಯಂತ ನೋವು ಕೊಡೋದು ಇದೇ. ರೋಗಾಣು ಸತ್ತ ಮೇಲೂ ಮಗುವಿನ ಸ್ವಂತ ಕಣಗಳ ಉರಿ ಮುಂದುವರಿಯುತ್ತೆ.

ಕಡೂರು ಬಯಲು
ನಾವು ಕಾಲೇಜಿನಲ್ಲಿ ಓದಿದ್ದು ಬೇರೆ. ಹೊಟ್ಟೆಯೊಳಗಿರೋ ಅಥವಾ ಆಗಷ್ಟೇ ಹುಟ್ಟಿದ ಇಲಿಮರಿಗೆ ಬೇರೆ ಇಲಿಯ ಕಣ ಕೊಟ್ಟರೆ ಅದನ್ನು ತನ್ನದೇ ಅಂತ ಒಪ್ಪಿಕೊಳ್ಳುತ್ತೆ, ಹೋರಾಡೋದೇ ಇಲ್ಲ. ಮೆಡಾವರ್ ಅನ್ನೋ ವಿಜ್ಞಾನಿ 1953ರಲ್ಲಿ ಹೊಟ್ಟೆಯೊಳಗಿನ ಮರಿಗಳಲ್ಲಿ ಮೊದಲು ತೋರಿಸಿದ್ದು, ಅದಕ್ಕೆ 1960ರಲ್ಲಿ ನೊಬೆಲ್ ಬಂತು. ಹಾಗಿದ್ದಮೇಲೆ ಹುಟ್ಟಿದ ಮಗುವಿಗೆ ಪ್ರತಿರೋಧ ಇಲ್ಲ ಅಂತಾನೇ ಅಲ್ವಾ?

ಗಿರಿಶ್ರೇಣಿ (ಚಿಕ್ಕಮಗಳೂರು)
ಆ ಪ್ರಯೋಗ ನಿಜ ಸರ್. ಅದರಿಂದ ತೆಗೆದ ತೀರ್ಮಾನ ಆಮೇಲೆ ಬದಲಾಯಿತು. 1996ರಲ್ಲಿ ಒಟ್ಟಿಗೇ ಮೂರು ಪ್ರಬಂಧ ಬಂದವು. ಎಷ್ಟು ಪ್ರಮಾಣ ಕೊಡ್ತೀರಿ, ಯಾವ ಕಣದ ಮೂಲಕ ತೋರಿಸ್ತೀರಿ ಅನ್ನೋದರ ಮೇಲೆ ಇಲಿಮರಿಯೂ ಪೂರ್ತಿ ಬಲದಿಂದ ಪ್ರತಿಕ್ರಿಯೆ ಕೊಡಬಲ್ಲದು ಅಂತ ಅವು ತೋರಿಸಿದವು. ನಮ್ಮ ದೇಶದಲ್ಲಿ ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕ್ತಾರೆ. ಕ್ಷಯದ ಲಸಿಕೆ ಬಿಸಿಜಿಯೂ ಹುಟ್ಟಿದಾಗಲೇ. ಪ್ರತಿಕ್ರಿಯೆ ಬರದೇ ಇದ್ದರೆ ಹಾಕಿ ಏನು ಪ್ರಯೋಜನ?

ಕಡೂರು ಬಯಲು
ಸರಿ, ಲಸಿಕೆಯ ಮಾತು ಒಪ್ಪಬೇಕಾದ್ದೇ.

ಕಳಸದ ಕೂಸು
ಮೆಡಿಕಲ್ ಶಾಪಿನಲ್ಲಿ ಪ್ರೋಬಯೋಟಿಕ್ ಡ್ರಾಪ್ಸ್ ಅಂತ ಸಿಗುತ್ತಲ್ಲ, ಅದು ಹಾಕಿದರೆ ನಂಜು ಬರಲ್ಲ ಅಂತ ವಾಟ್ಸಾಪಿನಲ್ಲಿ ಓದಿದೆ.

ಲ್ಯಾಬ್ ಮೇಷ್ಟ್ರು (ಹಾಸನ)
ನೀವೇ ತಂದು ಹಾಕಬೇಡಿ. ಆ ಮಾತು ಹುಟ್ಟಿದ್ದು ಒಡಿಶಾದ ಹಳ್ಳಿಗಳ ಅಧ್ಯಯನದಿಂದ, 2017ರದು. 4,556 ಮಕ್ಕಳು. ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಂನ ಒಂದು ನಿರ್ದಿಷ್ಟ ತಳಿಯನ್ನು ಅದಕ್ಕೆ ಬೇಕಾದ ಸಕ್ಕರೆಯ ಜೊತೆ ಒಂದು ವಾರ ಕೊಟ್ಟಾಗ ನಂಜು ಮತ್ತು ಸಾವು ಸೇರಿ 9 ಶೇಕಡಾದಿಂದ 5.4ಕ್ಕೆ ಇಳಿಯಿತು. ಬಹಳ ಒಳ್ಳೆಯ ಫಲ. ಆದರೆ ಆ ಮಕ್ಕಳು 2 ಕೆಜಿ ಮೇಲಿದ್ದವರು, 35 ವಾರ ತುಂಬಿದವರು, ಅಮ್ಮನ ಹಾಲು ಕುಡಿಯುತ್ತಿದ್ದವರು. ಅಂಗಡಿಯಲ್ಲಿ ಸಿಗೋದು ಬೇರೆ ತಳಿ. ದಿನ ತುಂಬದ ಮಕ್ಕಳಲ್ಲಿ ಪ್ರೋಬಯೋಟಿಕ್ ಬ್ಯಾಕ್ಟೀರಿಯಾವೇ ರಕ್ತಕ್ಕೆ ಹೋದ ಉದಾಹರಣೆಗಳಿವೆ. ಅಮೆರಿಕದ ಔಷಧ ಇಲಾಖೆ 2023ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಆಶಾ ಅಕ್ಕ (ಆಲೂರು)
ಜೇನುತುಪ್ಪ ನೆಕ್ಕಿಸೋದೂ ಬೇಡ. ವರ್ಷ ತುಂಬೋವರೆಗೂ ಬೇಡ.

ಯಗಚಿ ನೀರು (ಬೇಲೂರು)
ಬಜೆ ತೇಯ್ದು ಹಾಕಬಹುದಾ?

ಆಶಾ ಅಕ್ಕ (ಆಲೂರು)
ಬೇಡ ಅಕ್ಕ. ಆರು ತಿಂಗಳು ಅಮ್ಮನ ಹಾಲು ಮಾತ್ರ, ನೀರೂ ಬೇಡ.

ಮೂಡಿಗೆರೆ ಮಳೆ
ಇದೆಲ್ಲಾ ಪೇಟೆಯವರಿಗೆ ಸರಿ. ತೋಟದ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲು ಮನೆಗಳು) ಈಗ ಅಸ್ಸಾಂ ಕಡೆಯಿಂದ ಬಂದವರೇ ಜಾಸ್ತಿ. ಅವರಿಗೆ ನಮ್ಮ ಭಾಷೆ ಬರಲ್ಲ, ತಾಯಿ ಕಾರ್ಡ್ ಇರಲ್ಲ. ಮಗು ಹಾಲು ಬಿಟ್ಟರೆ ಯಾರಿಗೆ ಹೇಳೋದು? ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ 108ಕ್ಕೆ ಫೋನೇ ಹೋಗಲ್ಲ.

ಆಶಾ ಅಕ್ಕ (ಆಲೂರು)
ನಿಜ. ಸಕಲೇಶಪುರ, ಆಲೂರು ಕಡೆ ರಾತ್ರಿ ಆನೆ ರಸ್ತೆಯಲ್ಲಿ ನಿಂತಿರುತ್ತೆ, ಗಾಡಿಯವರೂ ಹಿಂಜರೀತಾರೆ. ಅದಕ್ಕೇ ನಾನು ಸಂಜೆ ಹೊತ್ತಿಗೆ ಮಗು ಮಂಕಾಗಿದ್ದರೆ ಬೆಳಗ್ಗೆ ನೋಡೋಣ ಅನ್ನಲ್ಲ, ಬೆಳಕಿದ್ದಾಗಲೇ ಕಳಿಸ್ತೀನಿ. ತೋಟದ ಲೆಕ್ಕ ನೋಡೋ ರೈಟರ್‌ಗಳಿಗೆ ನನ್ನ ನಂಬರ್ ಕೊಟ್ಟಿದ್ದೀನಿ. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ 3, 7, 14, 21, 28, 42ನೇ ದಿನ ಹೋಗ್ತೀವಿ. ಕಾರ್ಡ್ ಇಲ್ಲದವರ ಮನೆಗೂ ಹೋಗ್ತೀನಿ. ಸರ್ಕಾರಿ ಆಸ್ಪತ್ರೆಯಲ್ಲಿ ಹುಷಾರಿಲ್ಲದ ಮಗುವಿಗೆ ಚಿಕಿತ್ಸೆ, ಔಷಧಿ, ಓಡಾಟ ಎಲ್ಲಾ ಉಚಿತ. ತೋಟದ ಮಾಲೀಕರು ಇಲ್ಲಿ ಓದ್ತಿದ್ದರೆ ನಿಮ್ಮ ಲೈನಿನಲ್ಲಿ ಬಸುರಿ ಹೆಂಗಸರು ಯಾರಿದ್ದಾರೆ ಅಂತ ಹತ್ತಿರದ ಆಶಾಗೆ ತಿಳಿಸಿ.

ಅರಸೀಕೆರೆ ತೆಂಗು
ಇದನ್ನು ಒಪ್ತೀನಿ. ರೈಟರ್‌ಗೆ ಹೇಳೋದು ಒಳ್ಳೆ ದಾರಿ. ಆದರೂ ಆಂಟಿಬಯೋಟಿಕ್ ಯಾಕೆ ಕೊಡ್ತಿದ್ದೀವಿ, ಯಾವಾಗ ನಿಲ್ಲಿಸ್ತೀವಿ ಅಂತ ಡಾಕ್ಟರುಗಳು ಬಿಡಿಸಿ ಹೇಳಬೇಕು.

ಲ್ಯಾಬ್ ಮೇಷ್ಟ್ರು (ಹಾಸನ)
ಖಂಡಿತ ಹೇಳಬೇಕು. ನೀವೂ ಕೇಳಿ: ಕಲ್ಚರಿಗೆ ರಕ್ತ ಕಳಿಸಿದ್ದೀರಾ, ರಿಪೋರ್ಟ್ ಯಾವಾಗ, ಏನೂ ಬರದಿದ್ದರೆ ಎಷ್ಟು ದಿನ ಕೊಡ್ತೀರಿ. ಕೇಳೋದು ನಿಮ್ಮ ಹಕ್ಕು.

ಕಳಸದ ಕೂಸು
ಇನ್ನೊಂದು ಕೇಳಿಬಿಡ್ತೀನಿ. ಬಿಸಿಜಿ ಹಾಕಿದ ಜಾಗದಲ್ಲಿ ನಮ್ಮ ಮಗನಿಗೆ ಕಲೆಯೇ ಆಗಿಲ್ಲ. ಮತ್ತೆ ಹಾಕಿಸಬೇಕಾ? ಬಿಸಿಜಿ ಬೇರೆ ಕಾಯಿಲೆಯನ್ನೂ ತಡೆಯುತ್ತೆ ಅಂತಾರಲ್ಲ, ಅದಕ್ಕೆ ಕೇಳಿದೆ.

ಗಿರಿಶ್ರೇಣಿ (ಚಿಕ್ಕಮಗಳೂರು)
ಆ ಮಾತು ಬಂದಿದ್ದು ಪಶ್ಚಿಮ ಆಫ್ರಿಕಾದ ಗಿನಿ-ಬಿಸ್ಸಾವ್‌ನಿಂದ. ಅಲ್ಲಿ ಕಮ್ಮಿ ತೂಕದ ಮಕ್ಕಳಿಗೆ ಹುಟ್ಟಿದ ಕೂಡಲೇ ಬಿಸಿಜಿ ಹಾಕಿದಾಗ ಮೊದಲ ತಿಂಗಳ ಸಾವು ಕಮ್ಮಿ ಕಂಡಿತು. ಮೋನೋಸೈಟಿನ ಜೀನುಗಳ ಮೇಲಿನ ಗುರುತುಗಳು ಬದಲಾಗಿ, ಮುಂದಿನ ಸಲ ಬೇರೆ ರೋಗಾಣು ಬಂದರೂ ಅದು ಚುರುಕಾಗಿ ಎದುರಿಸುತ್ತೆ ಅನ್ನೋದು ವಿವರಣೆ. ನಮ್ಮಲ್ಲಿ ಪುದುಚೇರಿ ಮತ್ತು ಚೆನ್ನೈನಲ್ಲಿ ರಷ್ಯಾ ತಳಿಯ ಬಿಸಿಜಿ ಹಾಕಿ ನೋಡಿದಾಗ ಸಾವಿನಲ್ಲಿ ಆ ಥರದ ಇಳಿಕೆ ಕಾಣಲಿಲ್ಲ. ಹಾಗಾಗಿ ಕ್ಷಯಕ್ಕೆ ಅಂತ ಹಾಕಿಸಿ, ಅದು ಸಾಕಷ್ಟು ದೊಡ್ಡ ಕಾರಣ.

ಆಶಾ ಅಕ್ಕ (ಆಲೂರು)
ಕಲೆ ಆಗದಿದ್ದರೂ ಮತ್ತೆ ಹಾಕಿಸೋದು ಬೇಡ. ಹಾಕಿದ್ದು ಕಾರ್ಡಿನಲ್ಲಿ ಬರೆದಿದ್ದರೆ ಆಯ್ತು. ಒಂದೂವರೆ ತಿಂಗಳಿನ ಲಸಿಕೆ ಮಾತ್ರ ತಪ್ಪಿಸಬೇಡಿ.